ತನ್ನ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳುವುದು ಹೇಗೆ: ಹೊರನಾಡಿನ ಕನ್ನಡ ವಿದ್ಯಾರ್ಥಿಗಳಿಗೆ

ಫಲಿತಾಂಶ ಬಂದ ರಾತ್ರಿಯೇ ನೀವು ಇದನ್ನು ಓದುತ್ತಿದ್ದರೆ ಮೊದಲು ಊಟ ಮಾಡಿ ಬನ್ನಿ. ಉಳಿದದ್ದನ್ನು ಆಮೇಲೆ ಓದಬಹುದು. ಬದುಕೇ ಬೇಡವೆಂಬ ಯೋಚನೆ ಮನಸ್ಸಿನಲ್ಲಿ ಸುಳಿಯುತ್ತಿದ್ದರೆ ಊಟಕ್ಕೂ ಮೊದಲು ಪಕ್ಕದ ಕೋಣೆಯವರನ್ನೋ ಮನೆಯವರನ್ನೋ ಕರೆದು ಜೊತೆಗೆ ಕೂರಿಸಿಕೊಂಡು 14416 ಸಂಖ್ಯೆಗೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲೂ ರಾತ್ರಿಯೂ ತೆರೆದಿರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ಅದರ ಬಗ್ಗೆ ಇನ್ನಷ್ಟು ಮಾತು ಕೊನೆಯ ಭಾಗದಲ್ಲಿದೆ.

ನಾನು ಮುಂಬಯಿಯ ಉಪನಗರವೊಂದರ ಪದವಿ ಕಾಲೇಜಿನಲ್ಲಿ ಬಹಳ ವರ್ಷ ವಾಣಿಜ್ಯಶಾಸ್ತ್ರ ಕಲಿಸಿದವಳು. ಮನೋವೈದ್ಯೆಯಲ್ಲ, ಮನಶ್ಶಾಸ್ತ್ರ ಓದಿದವಳೂ ಅಲ್ಲ. ಆದರೆ ಪ್ರತಿ ಸೆಮಿಸ್ಟರಿನ ಫಲಿತಾಂಶದ ನಂತರ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ ಮಕ್ಕಳ ಮುಖಗಳನ್ನು ನೋಡಿ ನೋಡಿ, ಈ ವಿಷಯದಲ್ಲಿ ನಡೆದಿರುವ ಸಂಶೋಧನೆಗಳನ್ನು ಹುಡುಕಿ ಓದುವ ಅಭ್ಯಾಸವಾಯಿತು. ಓದಿದ್ದರಲ್ಲಿ ನಮ್ಮ ಮಕ್ಕಳಿಗೆ ಉಪಯೋಗಕ್ಕೆ ಬಂದದ್ದನ್ನು, ಬಂದ ರೀತಿಯಲ್ಲಿಯೇ, ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ‘ಕೇಟಿ’ ಎಂಬ ಮಾತನ್ನು ಕೇಳದ ವಿದ್ಯಾರ್ಥಿಯಿಲ್ಲ. ಕೆಲವು ವಿಷಯಗಳಲ್ಲಿ ನಪಾಸಾದರೂ ಮುಂದಿನ ತರಗತಿಗೆ ಸೇರಿಕೊಂಡು, ಉಳಿದ ಪೇಪರುಗಳನ್ನು ಮತ್ತೆ ಬರೆದು ಮುಗಿಸಲು ಅವಕಾಶ ಕೊಡುವ ಎ.ಟಿ.ಕೆ.ಟಿ. ನಿಯಮಕ್ಕೆ ಬಂದಿರುವ ಬಾಯಿಮಾತಿನ ಹೆಸರು ಅದು. ಒಂದು ಪೇಪರಿಗಾಗಿ ಇಡೀ ವರ್ಷ ಹಾಳಾಗಬಾರದೆಂದು ಮಾಡಿದ ಸೌಕರ್ಯ ಅದು. ಆದರೂ ಮಕ್ಕಳ ಬಾಯಲ್ಲಿ ಅದು ರೋಗದ ಹೆಸರಿನಂತೆ ಕೇಳಿಸುತ್ತದೆ. ನನಗೂ ಬಿ.ಕಾಂ. ಎರಡನೆಯ ವರ್ಷದಲ್ಲಿ ಅಕೌಂಟ್ಸ್ ಪೇಪರು ಹೋಗಿತ್ತು. ಆ ಸಂಜೆ ವಿ.ಟಿ.ಯಿಂದ ಡೊಂಬಿವಿಲಿಗೆ ಹೊರಟ ಸ್ಲೋ ಗಾಡಿಯಲ್ಲಿ ನಾನು ನಿಂತೇ ಇದ್ದೆ. ಮೂರು ಜನರ ಸೀಟಿನಲ್ಲಿ ಕುಳಿತಿದ್ದ ಹೆಂಗಸೊಬ್ಬರು ಮುಂಬಯಿಯ ರೂಢಿಯಂತೆ ತುಸು ಸರಿದು ನಾಲ್ಕನೆಯ ಸೀಟು ತೋರಿಸಿದರು. ನಾನು ತಲೆಯಾಡಿಸಿ ನಿಂತೇ ಉಳಿದೆ. ಕುಳಿತುಕೊಳ್ಳುವ ಯೋಗ್ಯತೆ ಇವತ್ತು ನನಗಿಲ್ಲ ಎಂದು ಅನಿಸಿದ್ದು ಈಗಲೂ ನೆನಪಿದೆ. ಒಂದು ಪೇಪರಿನಲ್ಲಿ ಅಂಕ ಕಡಿಮೆಯಾದದ್ದಕ್ಕೂ ಗಾಡಿಯಲ್ಲಿ ಕುಳಿತುಕೊಳ್ಳುವುದಕ್ಕೂ ಏನು ಸಂಬಂಧ ಎಂದು ನನ್ನನ್ನು ನಾನು ಕೇಳಿಕೊಳ್ಳಲು ಬಹಳ ವರ್ಷಗಳೇ ಬೇಕಾದವು.

ಕನ್ನಡದಲ್ಲಿ ‘ಹೊಟ್ಟೆಗೆ ಹಾಕಿಕೊಳ್ಳುವುದು’ ಎಂಬ ಮಾತಿದೆ. ಮಗು ತಪ್ಪು ಮಾಡಿದರೆ, ಸೊಸೆ ಒರಟಾಗಿ ಮಾತನಾಡಿದರೆ, ಕೆಲಸದವನು ಗ್ಲಾಸು ಒಡೆದರೆ, ಹಿರಿಯರು ಹೇಳುವುದು ಇದನ್ನೇ: ಹೋಗಲಿ, ಹೊಟ್ಟೆಗೆ ಹಾಕಿಕೊಳ್ಳಿ. ತಪ್ಪೇ ಆಗಿಲ್ಲವೆಂದು ಆ ಮಾತು ಹೇಳುವುದಿಲ್ಲ, ತಪ್ಪು ಮಾಡಿದವರನ್ನು ಹೊರಗೆ ಹಾಕಬೇಡಿ ಎಂದು ಹೇಳುತ್ತದೆ. ಆದರೆ ಈ ಮಾತನ್ನು ನಾವು ಬೇರೆಯವರ ತಪ್ಪಿಗೆ ಮಾತ್ರ ಬಳಸುತ್ತೇವೆ. ತನ್ನ ತಪ್ಪನ್ನು ತಾನೇ ಹೊಟ್ಟೆಗೆ ಹಾಕಿಕೊಂಡೆ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಮನಶ್ಶಾಸ್ತ್ರದವರು ಆತ್ಮಕರುಣೆ ಎಂದು ಕರೆಯುವುದು ಈ ಕೆಲಸವನ್ನೇ ಎಂದು ನನ್ನ ತಿಳಿವಳಿಕೆ.

ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ 2003ರಲ್ಲಿ ಇದನ್ನು ಅಳೆಯಲು 26 ಪ್ರಶ್ನೆಗಳ ಮಾಪನವೊಂದನ್ನು ಪ್ರಕಟಿಸಿದರು. ಅವರ ಪ್ರಕಾರ ಇದರಲ್ಲಿ ಮೂರು ಅಂಶಗಳಿವೆ. ನೋವಿನಲ್ಲಿರುವಾಗ ತನ್ನನ್ನು ಜರಿಯದೆ ಮೃದುವಾಗಿ ನಡೆಸಿಕೊಳ್ಳುವುದು ಒಂದು. ಸೋಲು ಮತ್ತು ಕೊರತೆ ಮನುಷ್ಯರಾದ ಎಲ್ಲರಿಗೂ ಬರುವಂಥವು ಎಂದು ತಿಳಿದಿರುವುದು ಇನ್ನೊಂದು. ನೋವನ್ನು ಮುಚ್ಚಿಡದೆ, ಹಿಗ್ಗಿಸದೆ, ಇದ್ದಷ್ಟನ್ನೇ ನೋಡುವುದು ಮೂರನೆಯದು. ಕೇಳಲು ಸುಲಭವಾಗಿರುವ ಈ ಮೂರೂ ಅಂಶಗಳು ಫಲಿತಾಂಶ ಬಂದ ರಾತ್ರಿ ಕೈಗೆ ಸಿಗುವುದಿಲ್ಲ. ಆದ್ದರಿಂದ ಕೈಯಿಂದ ಮಾಡಬಹುದಾದ ಕೆಲಸದಿಂದಲೇ ಶುರುಮಾಡೋಣ.

ಮನಸ್ಸು ಆಡಿದ ಮಾತನ್ನು ಕಾಗದಕ್ಕೆ ಇಳಿಸಿ

ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಮೊಬೈಲಿನಲ್ಲಿ ಬರೆಯಬೇಡಿ, ಅಲ್ಲಿ ಬರೆಯುತ್ತಿರುವಾಗಲೇ ತರಗತಿಯ ವಾಟ್ಸಾಪ್ ಗುಂಪಿನಿಂದ ಇನ್ನೊಬ್ಬರ ಅಂಕಗಳು ಬಂದು ಬೀಳುತ್ತವೆ. ಎಡಗಡೆಯ ಪುಟದಲ್ಲಿ, ಈ ಕ್ಷಣ ನಿಮ್ಮ ಮನಸ್ಸು ನಿಮಗೆ ಏನು ಹೇಳುತ್ತಿದೆಯೋ ಅದನ್ನು ಅದೇ ಶಬ್ದಗಳಲ್ಲಿ, ಅದೇ ಭಾಷೆಯಲ್ಲಿ ಬರೆಯಿರಿ. ಸಭ್ಯಗೊಳಿಸಬೇಡಿ. ಕನ್ನಡ, ಹಿಂದಿ, ಇಂಗ್ಲಿಷು ಬೆರೆತು ಬಂದರೆ ಬೆರೆತೇ ಬರಲಿ. ನನ್ನ ವಿದ್ಯಾರ್ಥಿನಿಯೊಬ್ಬಳು ಹೀಗೆ ಬರೆದು ತಂದು, ತೋರಿಸಬಹುದು ಎಂದು ಅನುಮತಿಯನ್ನೂ ಕೊಟ್ಟ ಪುಟದಲ್ಲಿ ಇದ್ದದ್ದು ಇಷ್ಟು:

“ದಂಡ. ಅಪ್ಪನ ದುಡ್ಡೆಲ್ಲ ನೀರಿಗೆ ಹಾಕಿದೆ. ಎಲ್ಲರೂ ಪಾಸ್, ನೀನೊಬ್ಬಳೇ. ನಿನ್ನ ಕೈಯಲ್ಲಿ ಏನೂ ಆಗಲ್ಲ.”

ಇದನ್ನು ಬರೆದ ಮೇಲೆ ಎರಡು ನಿಮಿಷ ಸುಮ್ಮನೆ ಕುಳಿತು, ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮ್ಮ ತಂಗಿಗೋ ತಮ್ಮನಿಗೋ ಇದೇ ಕೇಟಿ ಬಿದ್ದು, ಅವರು ಅಳುತ್ತಾ ನಿಮ್ಮೆದುರು ಬಂದು ನಿಂತರೆ, ಎಡಗಡೆಯ ಪುಟವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತೀರಾ? ಹೇಳಲಾರಿರಿ. ಹಾಗಿದ್ದರೆ ಏನು ಹೇಳುತ್ತೀರಿ? ಅದನ್ನು ಬಲಗಡೆಯ ಪುಟದಲ್ಲಿ ಬರೆಯಿರಿ. ಆ ಹುಡುಗಿ ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದು ಬರೆದದ್ದು ಹೀಗಿತ್ತು:

“ಇರಲಿ ಬಿಡು ಪುಟ್ಟಿ. ಒಂದು ಪೇಪರು ಹೋಗಿದೆ, ನಾಲ್ಕು ಬಂದಿದೆ. ಕಾಸ್ಟಿಂಗ್‌ನಲ್ಲಿ ಕೊನೆಯ ಎರಡು ಪಾಠ ನೀನು ಓದಿರಲಿಲ್ಲ, ಅದು ನಿಜ. ಈಗ ಊಟ ಮಾಡು. ನಾಳೆ ಫಾರ್ಮು ಯಾವಾಗ ಅಂತ ಕೇಳೋಣ.”

ಈ ಸಾಲುಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅವಳು ತಪ್ಪನ್ನು ಮುಚ್ಚಿಟ್ಟಿಲ್ಲ. ಓದದೆ ಬಿಟ್ಟ ಎರಡು ಪಾಠಗಳು ಅಲ್ಲಿಯೇ ಇವೆ. ಎಡಗಡೆಯ ಪುಟದಲ್ಲಿ ಆ ಪಾಠಗಳ ಸುದ್ದಿಯೇ ಇಲ್ಲ ಎಂಬುದನ್ನು ಗಮನಿಸಿ. ಬೈಗುಳದಲ್ಲಿ ನಿಜವಾದ ಕಾರಣಕ್ಕೆ ಜಾಗವೇ ಇರಲಿಲ್ಲ, ‘ದಂಡ’ ಎಂಬ ತೀರ್ಪು ಎಲ್ಲವನ್ನೂ ನುಂಗಿಹಾಕಿತ್ತು. ಎರಡನೆಯದಾಗಿ, ಕೊನೆಯ ಶಬ್ದ ‘ಕೇಳೋಣ’. ನೋಡೋಣ, ಮಾಡೋಣ, ಕೇಳೋಣ ಎನ್ನುವಾಗ ಹೇಳುವವರೂ ಜೊತೆಗೆ ನಿಲ್ಲುತ್ತಾರೆ. ‘ಕೇಳು’ ಎಂದರೆ ಅಪ್ಪಣೆ, ‘ಕೇಳೋಣ’ ಎಂದರೆ ಸಂಗಡ. ನಿಮ್ಮೊಡನೆ ನೀವು ಮಾತನಾಡುವಾಗ ಬೇರೇನೂ ನೆನಪಿಗೆ ಬಾರದಿದ್ದರೆ ಈ ‘ಓಣ’ ಒಂದನ್ನು ಬಳಸಿ ನೋಡಿ.

ಆಕೆ ‘ನಾನು’ ಎಂದು ಬರೆಯದೆ ತನ್ನನ್ನು ಮನೆಯ ಹೆಸರಿನಿಂದ ಕರೆದುಕೊಂಡದ್ದೂ ಸುಮ್ಮನೆ ಆದ ಸಂಗತಿಯಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಒತ್ತಡದ ಸಂದರ್ಭದಲ್ಲಿ ‘ನಾನು’ ಎನ್ನುವ ಬದಲು ತಮ್ಮ ಹೆಸರು ಹಿಡಿದು ತಮ್ಮೊಡನೆ ಮಾತನಾಡಿಕೊಂಡವರು ಆ ಸಂದರ್ಭವನ್ನು ಹೆಚ್ಚು ಸಮಾಧಾನದಿಂದ ಎದುರಿಸಿದ್ದು ಕಂಡುಬಂದಿತು. ಯಾವ ಭಾಷೆಯಲ್ಲಿ ಬರೆಯಬೇಕು ಎಂದು ಕೇಳಿದರೆ, ನಾನು ಹೇಳುವುದು ಇಷ್ಟೇ: ಚಿಕ್ಕಂದಿನಲ್ಲಿ ಜ್ವರ ಬಂದಾಗ ನಿಮ್ಮ ಹಣೆಯ ಮೇಲೆ ಕೈಯಿಟ್ಟವರು ಯಾವ ಭಾಷೆಯಲ್ಲಿ ಮಾತನಾಡಿದರೋ ಅದರಲ್ಲಿ. ಕನ್ನಡವಿರಬಹುದು, ತುಳುವಿರಬಹುದು, ಕೊಂಕಣಿಯಿರಬಹುದು, ವಿಜಯಪುರದ ಕಡೆಯ ಕನ್ನಡವಿರಬಹುದು. ಇಂಗ್ಲಿಷಿನಲ್ಲಿ ಬರೆದುಕೊಂಡ ಸಮಾಧಾನದ ಮಾತು ನಮ್ಮ ಮಕ್ಕಳಿಗೆ ಅರ್ಥವಾಗುತ್ತದೆ, ಆದರೆ ಒಳಗೆ ಇಳಿಯುವುದಿಲ್ಲ. ಇದು ಸಂಶೋಧನೆಯ ಮಾತಲ್ಲ, ನಾನು ಕಣ್ಣಾರೆ ಕಂಡದ್ದು.

ಬೈದುಕೊಳ್ಳದಿದ್ದರೆ ಸೋಮಾರಿಯಾಗುತ್ತೇನೆ ಎಂಬ ಭಯ

ಈ ಪುಟವನ್ನು ಬರೆಯಿರಿ ಎಂದಾಗ ಹತ್ತರಲ್ಲಿ ಏಳೆಂಟು ಮಕ್ಕಳು ಹೇಳುತ್ತಿದ್ದದ್ದು ಒಂದೇ ಮಾತು: ಮೇಡಂ, ಹೀಗೆ ಮುದ್ದು ಮಾಡಿಕೊಂಡರೆ ನಾನು ಓದುವುದೇ ಇಲ್ಲ, ಬೈದುಕೊಂಡರೆ ಮಾತ್ರ ನಾನು ಎದ್ದು ಕೂರುವುದು. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಅವರು ಬೆಳೆದ ಮನೆಗಳಲ್ಲಿ, ಕೋಚಿಂಗ್ ಕ್ಲಾಸುಗಳಲ್ಲಿ ಬೈಗುಳವೇ ಪ್ರೀತಿಯ ರೂಪದಲ್ಲಿ ಬಂದಿರುತ್ತದೆ.

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ ಇದನ್ನೇ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಬೇಕೆಂದೇ ಕಠಿಣವಾದ ಶಬ್ದಪರೀಕ್ಷೆಯೊಂದನ್ನು ಕೊಟ್ಟು, ಅದರಲ್ಲಿ ಎಡವಿದ ನಂತರ ಒಂದು ಗುಂಪಿಗೆ ಇಂಥ ಪರೀಕ್ಷೆ ಎಲ್ಲರಿಗೂ ಕಷ್ಟವಾಗುತ್ತದೆ, ನಿಮ್ಮ ಮೇಲೆ ನೀವು ನಿಷ್ಠುರರಾಗಬೇಡಿ ಎಂಬ ಅರ್ಥದ ಮಾತು ಹೇಳಲಾಯಿತು. ಇನ್ನೊಂದು ಗುಂಪಿಗೆ ನೀವು ಬುದ್ಧಿವಂತರೇ ಎಂಬ ಹೊಗಳಿಕೆ. ಮತ್ತೊಂದಕ್ಕೆ ಏನೂ ಇಲ್ಲ. ಎರಡನೆಯ ಪರೀಕ್ಷೆಗೆ ಎಲ್ಲರಿಗಿಂತ ಹೆಚ್ಚು ಹೊತ್ತು ಓದಿದವರು ಮೊದಲ ಗುಂಪಿನವರು. ಹೊಗಳಿಕೆಯೂ ಅಷ್ಟು ಕೆಲಸ ಮಾಡಲಿಲ್ಲ. ಅದಕ್ಕೂ ಮೊದಲು, 2010ರಲ್ಲಿ, ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ 119 ಮೊದಲ ವರ್ಷದ ವಿದ್ಯಾರ್ಥಿಗಳ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ನಾಳೆ ನಾಳೆ ಎಂದು ಮುಂದೂಡಿದ ತಮ್ಮ ತಪ್ಪನ್ನು ಕ್ಷಮಿಸಿಕೊಂಡವರಲ್ಲಿ ಎರಡನೆಯ ಪರೀಕ್ಷೆಯ ಹೊತ್ತಿಗೆ ಹಾಗೆ ಮುಂದೂಡುವುದು ಕಡಿಮೆಯಾಗಿತ್ತು.

ಕಾರಣ ಕಷ್ಟವಾದದ್ದಲ್ಲ. ಅಕೌಂಟ್ಸ್ ಪುಸ್ತಕ ತೆರೆದ ಕೂಡಲೇ ‘ದಂಡ’ ಎಂಬ ಮಾತು ಕಿವಿಯಲ್ಲಿ ಮೊಳಗುವುದಾದರೆ, ಮನಸ್ಸು ಆ ಪುಸ್ತಕವನ್ನೇ ತಪ್ಪಿಸಿಕೊಂಡು ಓಡಾಡಲು ಶುರುಮಾಡುತ್ತದೆ. ಮೊಬೈಲು ಹಿಡಿಯುತ್ತೇವೆ, ಕೋಣೆ ಗುಡಿಸುತ್ತೇವೆ, ಸುಲಭದ ವಿಷಯವನ್ನು ಮೂರನೆಯ ಸಲ ಓದುತ್ತೇವೆ. ಹೊರಗಿನವರು ಇದನ್ನು ಸೋಮಾರಿತನ ಎನ್ನುತ್ತಾರೆ. ಅದು ಸೋಮಾರಿತನವಲ್ಲ, ಪೆಟ್ಟು ಬಿದ್ದ ಜಾಗವನ್ನು ಮುಟ್ಟಲು ಆಗುವ ಹೆದರಿಕೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪಾಲ್ ಗಿಲ್ಬರ್ಟ್ ಅವರು ಮನಸ್ಸಿನಲ್ಲಿ ಅಪಾಯಕ್ಕೆ ಎಚ್ಚರಿಸುವ, ಬೆನ್ನಟ್ಟಿ ಗಳಿಸುವ ಮತ್ತು ಸಂತೈಸುವ ಮೂರು ವ್ಯವಸ್ಥೆಗಳಿವೆ ಎಂದು ವಿವರಿಸುತ್ತಾರೆ. ತನ್ನನ್ನು ತಾನೇ ಬೈದುಕೊಳ್ಳುವಾಗ ಅಪಾಯದ ಗಂಟೆ ಬಾರಿಸುವವರೂ ನಾವೇ, ಅದನ್ನು ಕೇಳಿ ನಡುಗುವವರೂ ನಾವೇ. ಆ ನಡುಕದಲ್ಲಿ ಬ್ಯಾಲೆನ್ಸ್ ಶೀಟು ತಾಳೆಯಾಗುವುದಿಲ್ಲ.

ಗಾಡಿಯಲ್ಲಿ, ಗ್ರಂಥಾಲಯದಲ್ಲಿ, ಎಲ್ಲಿದ್ದೀರೋ ಅಲ್ಲಿ

ನೋಟ್‌ಬುಕ್ ಯಾವಾಗಲೂ ಕೈಯಲ್ಲಿರುವುದಿಲ್ಲ. ಗಾಡಿಯ ನೂಕುನುಗ್ಗಲಿನಲ್ಲಿ ನಿಂತಿರುವಾಗ ಹಳೆಯ ಅವಮಾನ ನೆನಪಾಗಿ ಎದೆ ಬಿಗಿದರೆ, ಆದದ್ದಕ್ಕೆ ಹೆಸರಿಡಿ. ‘ನಾನು ಸೋತವಳು’ ಎಂಬ ಮಾತನ್ನು ಬಿಟ್ಟು ‘ಈಗ ನಾಚಿಕೆಯಾಗುತ್ತಿದೆ, ಗಂಟಲು ಕಟ್ಟುತ್ತಿದೆ’ ಎಂದುಕೊಳ್ಳಿ. ಮೊದಲನೆಯದು ಇಡೀ ಮನುಷ್ಯನ ಬಗ್ಗೆ ತೀರ್ಪು. ಎರಡನೆಯದು ಈ ಹೊತ್ತಿನ ಸಮಾಚಾರ. ಆಮೇಲೆ, ಉಸಿರು ಒಳಗೆ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ನಿಧಾನವಾಗಿ ಹೊರಗೆ ಬಿಡಿ. ಉಸಿರು ಹೊರಹೋಗುವಾಗ ಹೃದಯದ ಬಡಿತ ಸಹಜವಾಗಿಯೇ ತುಸು ಇಳಿಯುತ್ತದೆ, ಆದ್ದರಿಂದ ಹೀಗೆ ಹತ್ತು ಸಲ ಮಾಡಿದರೆ ದೇಹ ಸ್ವಲ್ಪ ತಣಿಯುತ್ತದೆ. ಕುರ್ಲಾದಿಂದ ಘಾಟಕೋಪರ್ ಬರುವುದರೊಳಗೆ ಮುಗಿಯುವ ಕೆಲಸ ಇದು. ಯಾರಿಗೂ ಕಾಣುವುದೂ ಇಲ್ಲ.

ಕೆಲವರಿಗೆ ತಮ್ಮೊಡನೆ ಮೃದುವಾಗಿ ಮಾತನಾಡಿಕೊಂಡ ಕೂಡಲೇ ಸಮಾಧಾನದ ಬದಲು ಅಳು ಉಕ್ಕಿ ಬರುತ್ತದೆ, ಇಲ್ಲವೇ ಸಿಟ್ಟು ಬರುತ್ತದೆ. ಬಹಳ ದಿನ ಮುಚ್ಚಿದ್ದ ಕೋಣೆಯ ಬಾಗಿಲು ತೆರೆದಂತೆ ಅದು. ಹೆದರಬೇಡಿ, ಆದರೆ ಬಲವಂತವನ್ನೂ ಮಾಡಬೇಡಿ. ಆ ದಿನ ಅಷ್ಟಕ್ಕೇ ನಿಲ್ಲಿಸಿ ಮುಖ ತೊಳೆದುಕೊಂಡು ಹೊರಗೆ ಒಂದು ಸುತ್ತು ಹೋಗಿ ಬನ್ನಿ. ಚಿಕ್ಕಂದಿನಲ್ಲಿ ಹೊಡೆತ, ದೌರ್ಜನ್ಯ ಅನುಭವಿಸಿದವರು ಇದನ್ನು ಒಬ್ಬರೇ ಮುಂದುವರಿಸದೆ ತರಬೇತಿ ಪಡೆದ ಆಪ್ತಸಮಾಲೋಚಕರ ಎದುರಿನಲ್ಲಿ ಮಾಡುವುದು ಒಳ್ಳೆಯದು.

‘ಎಲ್ಲರೂ ಪಾಸ್, ನೀನೊಬ್ಬಳೇ’ ಎಂಬ ಸಾಲಿನ ಬಗ್ಗೆಯೂ ಒಂದು ಮಾತು. ಫಲಿತಾಂಶದ ದಿನ ಗುಂಪಿನಲ್ಲಿ ಮಾತನಾಡುವವರು ಪಾಸಾದವರು. ಉಳಿದವರು ಮೌನವಾಗಿರುತ್ತಾರೆ, ನಿಮ್ಮ ಹಾಗೆಯೇ. ಆ ಮೌನದಲ್ಲಿರುವವರಲ್ಲಿ ಒಬ್ಬರನ್ನು ಹುಡುಕಿ ‘ನನ್ನ ಒಂದು ಪೇಪರು ಹೋಯಿತು, ನಿನ್ನದು?’ ಎಂದು ಕೇಳಿ. ಒಬ್ಬರು ಸಾಕು.

ಮನೆಗೆ ಹೇಳುವುದು

ಇದು ಎಲ್ಲಕ್ಕಿಂತ ಕಷ್ಟದ ಭಾಗ, ಹೊರನಾಡಿನ ಕನ್ನಡ ಕುಟುಂಬಗಳಲ್ಲಂತೂ ಇನ್ನೂ ಕಷ್ಟ. ನನ್ನ ಅಪ್ಪ ಹದಿಮೂರನೆಯ ವಯಸ್ಸಿಗೆ ಉಡುಪಿ ಕಡೆಯಿಂದ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಗ್ಲಾಸು ತೊಳೆದು, ಹೋಟೆಲಿನ ಬಾಗಿಲು ಹಾಕಿದ ಮೇಲೆ ಕನ್ನಡ ರಾತ್ರಿಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದವರು. ಮುಂಬಯಿಯ ರಾತ್ರಿಶಾಲೆಗಳಲ್ಲಿ ಹಾಗೆ ಓದಿ ಬ್ಯಾಂಕಿಗೆ, ಕಚೇರಿಗಳಿಗೆ ಸೇರಿದವರು ಎಷ್ಟೋ ಮಂದಿ. ಅದು ನಮ್ಮ ಸಮಾಜದ ನಿಜವಾದ ಹೆಮ್ಮೆ. ಆದರೆ ಆ ಹೆಮ್ಮೆ ಮುಂದಿನ ತಲೆಮಾರಿನ ಹೆಗಲ ಮೇಲೆ ಭಾರವಾಗಿಯೂ ಕೂರುತ್ತದೆ. ಟೇಬಲ್ಲು, ದೀಪ, ಹಗಲು ಹೊತ್ತು ಎಲ್ಲವೂ ಇದ್ದು ನೀನು ನಪಾಸಾದೆಯಾ ಎಂದು ಯಾರೂ ಕೇಳುವ ಮೊದಲೇ ಮಕ್ಕಳು ತಮ್ಮನ್ನು ಕೇಳಿಕೊಳ್ಳುತ್ತಾರೆ. ಗೋವಾದ ವಾಸ್ಕೋದಲ್ಲಿ, ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ ಕುಟುಂಬಗಳಿಂದ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳ ಪಾಲಿಗೆ ಈ ಭಾರ ಇನ್ನೂ ಹೆಚ್ಚು.

ಒಂದನ್ನು ಮಾತ್ರ ನೆನಪಿಡಿ: ಹಿರಿಯರ ಕಷ್ಟ ದೊಡ್ಡದಾಗಿತ್ತು ಎಂಬ ಕಾರಣಕ್ಕೆ ನಿಮ್ಮ ನೋವು ಸುಳ್ಳಾಗುವುದಿಲ್ಲ. ರಾತ್ರಿಶಾಲೆಯ ಕಥೆಯನ್ನು ಇನ್ನೊಮ್ಮೆ ಕೇಳಿ ನೋಡಿ. ನಾನು ಅಪ್ಪನನ್ನು ಕೇಳಿದಾಗ ಅವರು ಎರಡು ಸಲ ಫೇಲಾಗಿದ್ದರೆಂದೂ, ಮಾಲೀಕರು ಪರೀಕ್ಷೆಯ ವಾರ ಹಗಲು ಕೆಲಸ ಕಡಿಮೆ ಮಾಡಿಕೊಟ್ಟಿದ್ದರೆಂದೂ, ಜೊತೆಯ ಹುಡುಗನೊಬ್ಬ ಗಣಿತ ಹೇಳಿಕೊಟ್ಟಿದ್ದನೆಂದೂ ಗೊತ್ತಾಯಿತು. ಹೆಮ್ಮೆಯ ಕಥೆಯನ್ನು ಹೇಳುವಾಗ ಈ ಭಾಗಗಳನ್ನು ಯಾರೂ ಹೇಳುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ.

ಹೇಳುವಾಗ ಸುದ್ದಿಯನ್ನು ಮೊದಲು, ನೇರವಾಗಿ ಹೇಳಿ. ಸುತ್ತಿ ಬಳಸಿ ಹೇಳಿದರೆ ಕೇಳುವವರ ಎದೆಯಲ್ಲಿ ಸುದ್ದಿಗಿಂತ ದೊಡ್ಡ ಭಯ ಹುಟ್ಟುತ್ತದೆ. “ಅಪ್ಪಾ, ರಿಸಲ್ಟ್ ಬಂತು. ಕಾಸ್ಟಿಂಗ್ ಒಂದು ಪೇಪರು ಹೋಗಿದೆ, ಉಳಿದದ್ದೆಲ್ಲ ಆಗಿದೆ. ವರ್ಷ ಹೋಗುವುದಿಲ್ಲ, ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಬರೆಯಬಹುದು. ನನಗೆ ತುಂಬಾ ಬೇಜಾರಾಗಿದೆ. ಇವತ್ತು ಒಂದು ದಿನ ಏನೂ ಹೇಳಬೇಡಿ, ನಾಳೆ ಕೂತು ಮಾತನಾಡೋಣ.” ಇಷ್ಟನ್ನು ಬರೆದಿಟ್ಟುಕೊಂಡು ಓದಿದರೂ ತಪ್ಪಲ್ಲ. ಅಪ್ಪನಿಗೆ ಹೇಳಲಾಗದಿದ್ದರೆ ಚಿಕ್ಕಮ್ಮನಿಗೋ, ಸೋದರಮಾವನಿಗೋ, ಅಜ್ಜಿಗೋ ಮೊದಲು ಹೇಳಿ ಅವರನ್ನು ಜೊತೆಗಿಟ್ಟುಕೊಳ್ಳಿ. ಮನೆಯಲ್ಲಿ ಬೈಗುಳ ಬಂದೇ ಬಂದರೆ, ಅದು ಅವರ ಭಯದ ಮಾತು ಎಂದು ತಿಳಿಯಿರಿ; ಅದನ್ನು ಎಡಗಡೆಯ ಪುಟಕ್ಕೆ ನಿಮ್ಮ ಅಭಿಪ್ರಾಯವಾಗಿ ಬರೆದುಕೊಳ್ಳಬೇಡಿ.

ಮರುದಿನದ ಕೆಲಸ

ಮರುದಿನ ಕಾಲೇಜಿನ ಕಚೇರಿಗೆ ಹೋಗಿ ಪರೀಕ್ಷೆಯ ಫಾರ್ಮು ತುಂಬುವ ದಿನಾಂಕ ಕೇಳಿ. ಅಂಕ ನಿರೀಕ್ಷೆಗಿಂತ ತೀರ ಕಡಿಮೆ ಎನಿಸಿದರೆ ಉತ್ತರಪತ್ರಿಕೆಯ ಛಾಯಾಪ್ರತಿಗೆ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ವ್ಯವಸ್ಥೆ ಮುಂಬಯಿ ಮತ್ತು ಪುಣೆ ವಿಶ್ವವಿದ್ಯಾಲಯಗಳಲ್ಲಿದೆ. ಗಡುವು ಚಿಕ್ಕದಾಗಿರುವುದರಿಂದ ತಡಮಾಡಬೇಡಿ. ಛಾಯಾಪ್ರತಿ ಬಂದರೆ ಅದನ್ನು ಆ ವಿಷಯದ ಅಧ್ಯಾಪಕರೊಡನೆ ಕುಳಿತು ನೋಡಿ. ಯಾವ ಪ್ರಶ್ನೆಯಲ್ಲಿ ಎಷ್ಟು ಹೋಗಿದೆ ಎಂದು ತಿಳಿದಾಗ ‘ನಿನ್ನ ಕೈಯಲ್ಲಿ ಏನೂ ಆಗಲ್ಲ’ ಎಂಬ ಮಾತು ‘ಮೂರನೆಯ ಪ್ರಶ್ನೆಯ ಲೆಕ್ಕ ಬರುವುದಿಲ್ಲ’ ಎಂಬಷ್ಟಕ್ಕೆ ಇಳಿಯುತ್ತದೆ.

ಓದಲು ಕುಳಿತುಕೊಳ್ಳುವುದೇ ಆಗುತ್ತಿಲ್ಲವೆಂದರೆ ಓದಿನಿಂದ ಶುರುಮಾಡಬೇಡಿ. ಗೋವಾದಲ್ಲಿ ಮಾನಸಿಕ ಆರೋಗ್ಯದ ಕೆಲಸ ಮಾಡುವ ಸಂಗಾತ್ ಸಂಸ್ಥೆಯವರು ಇತರ ಸಂಶೋಧಕರೊಡನೆ ನಡೆಸಿದ, 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ನೆನಪಾಗುತ್ತದೆ. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ತೀವ್ರ ಖಿನ್ನತೆಯ ರೋಗಿಗಳಿಗೆ, ಮನೋವೈದ್ಯರಲ್ಲದ ಆದರೆ ತರಬೇತಿ ಪಡೆದ ಸಾಮಾನ್ಯ ಜನರು ಆರರಿಂದ ಎಂಟು ಭೇಟಿಗಳಲ್ಲಿ ನೆರವು ನೀಡಿದರು. ಆ ನೆರವಿನ ತಿರುಳು, ಮನಸ್ಸು ಸರಿಹೋಗಲಿ ಎಂದು ಕಾಯದೆ, ಬಿಟ್ಟುಹೋದ ಚಿಕ್ಕಪುಟ್ಟ ಚಟುವಟಿಕೆಗಳಿಗೆ ಒಂದೊಂದಾಗಿ ಮರಳುವುದು. ಮಾಮೂಲಿನ ಚಿಕಿತ್ಸೆಯೊಂದನ್ನೇ ಪಡೆದವರಿಗಿಂತ ಈ ನೆರವನ್ನೂ ಪಡೆದವರು ಹೆಚ್ಚು ಚೇತರಿಸಿಕೊಂಡರು. ಆದ್ದರಿಂದ ಬೆಳಗ್ಗೆ ಸ್ನಾನ, ಹಾಸ್ಟೆಲಿನ ಮೆಸ್ಸಿನಲ್ಲಿ ಇತರರೊಡನೆ ಕುಳಿತು ತಿಂಡಿ, ಸಂಜೆ ಇಪ್ಪತ್ತು ನಿಮಿಷ ನಡಿಗೆ, ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ರೆ ಮೊದಲು ಬರಲಿ. ಅದರ ಹಿಂದೆ ಹದಿನೈದು ನಿಮಿಷದ ಒಂದು ಲೆಕ್ಕ. ಒಂದು ದಿನ ತಪ್ಪಿದರೆ ಮರುದಿನ ಎರಡು ಲೆಕ್ಕ ಮಾಡಿ ದಂಡ ಕಟ್ಟುವ ಪದ್ಧತಿಯನ್ನು ಇಟ್ಟುಕೊಳ್ಳಬೇಡಿ, ಮತ್ತೆ ಒಂದೇ ಲೆಕ್ಕ ಮಾಡಿ.

ಹೊಟ್ಟೆಗೆ ಹಾಕಿಕೊಳ್ಳಬಾರದ ಸಂಗತಿಗಳು

ತನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದೆ. ಬೇರೆಯವರು ಮಾಡುವ ಅನ್ಯಾಯವನ್ನು ಹಾಕಿಕೊಳ್ಳಿ ಎಂದು ಹೇಳುತ್ತಿಲ್ಲ. ಹಾಸ್ಟೆಲಿನಲ್ಲಿ ರ‍್ಯಾಗಿಂಗ್, ಜಾತಿಯ ಹೆಸರು ಹಿಡಿದು ಆಡುವ ಮಾತು, ಮೀಸಲಾತಿಯ ಕೊಂಕು, ನೀನು ಇಲ್ಲಿಯವಳಲ್ಲ ಎಂಬ ಹಂಗಿಸುವಿಕೆ, ಅಧ್ಯಾಪಕರೇ ತರಗತಿಯೆದುರು ಮಾಡುವ ಅವಮಾನ, ಇವುಗಳಿಂದ ಆಗುವ ನೋವಿಗೆ ಧ್ಯಾನ ಮತ್ತು ಉಸಿರಾಟವನ್ನು ಮದ್ದಾಗಿ ಕೊಡುವುದು ಸರಿಯಲ್ಲ. ಯು.ಜಿ.ಸಿ.ಯ 2009ರ ನಿಯಮಾವಳಿ ರ‍್ಯಾಗಿಂಗನ್ನು ನಿಷೇಧಿಸಿದೆ. ದೂರು ಕೊಡಲು 1800-180-5522 ಎಂಬ ಉಚಿತ ಸಹಾಯವಾಣಿಯಿದೆ. ನಡೆದದ್ದನ್ನು ದಿನಾಂಕ, ಹೊತ್ತು, ಜಾಗ ಸಹಿತ ಬರೆದಿಡಿ, ನಂಬುವ ಒಬ್ಬ ಅಧ್ಯಾಪಕರಿಗೆ ಹೇಳಿ. ಇಲ್ಲಿ ತನ್ನ ಮೇಲಿನ ದಯೆ ಎಂದರೆ ದೂರು ಬರೆಯುವುದೇ.

ಇಷ್ಟು ಸಾಲದಾದಾಗ

ಎರಡು ವಾರಗಳ ಕಾಲ ದಿನದ ಬಹುಭಾಗ ಮನಸ್ಸು ಕುಗ್ಗಿಯೇ ಇದ್ದರೆ, ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲೂ ರುಚಿ ಇಲ್ಲವಾದರೆ, ನಿದ್ರೆ ಮತ್ತು ಹಸಿವು ಕೆಟ್ಟಿದ್ದರೆ, ಎದ್ದು ಓಡಾಡುವುದೇ ಭಾರವಾದರೆ, ಅದು ಬರೀ ಬೇಜಾರಲ್ಲ; ವೈದ್ಯರಿಗೆ ತೋರಿಸಬೇಕಾದ ಸ್ಥಿತಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅದೇ ದಿನ ಹೇಳಬೇಕು. ಗೆಳೆಯನಲ್ಲಿ ಈ ಲಕ್ಷಣ ಕಂಡರೆ ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ; ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಬ್ಬರೇ ಬಿಡಬೇಡಿ.

ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಆರಂಭವಾಯಿತು; ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ಮುಂಬಯಿಯಲ್ಲಿ ಪರೇಲಿನ ಕೆ.ಇ.ಎಂ., ಸಯನ್, ನಾಯರ್ ಆಸ್ಪತ್ರೆಗಳಲ್ಲಿ, ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಗೋವಾದಲ್ಲಿ ಬಾಂಬೋಳಿಯ ಸರ್ಕಾರಿ ಮನೋವೈದ್ಯಕೀಯ ಸಂಸ್ಥೆಯಿದೆ. ಕಾಲೇಜಿನಲ್ಲಿಯೇ ನೆರವು ಕೇಳುವ ಹಕ್ಕೂ ನಿಮಗಿದೆ: 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಮಾರ್ಗಸೂಚಿಯಂತೆ ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನಾದರೂ ಇಟ್ಟುಕೊಳ್ಳಬೇಕು. ಕಾಲೇಜಿಗೆ, ಮನೆಗೆ ಸುದ್ದಿ ಹೋಗುತ್ತದೆಂಬ ಹೆದರಿಕೆ ಹಲವರನ್ನು ತಡೆಯುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಪ್ರಾಣಾಪಾಯದಂಥ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಹೊರತು.

ಮೊದಲ ಭೇಟಿಯಲ್ಲಿ ಏನು ಹೇಳಬೇಕೆಂದು ತೋಚುವುದಿಲ್ಲ. ಬಾಯಿ ತೆರೆದರೆ ಅಳು ಬರುತ್ತದೆಂದು ಎಷ್ಟೋ ಮಕ್ಕಳು ಬಾಗಿಲ ತನಕ ಹೋಗಿ ಮರಳಿ ಬಂದಿದ್ದಾರೆ. ಜೊತೆಗೆ ಒಬ್ಬ ಗೆಳತಿಯನ್ನು ಕರೆದುಕೊಂಡು ಹೋಗಿ, ಹೊರಗಿನ ಬೆಂಚಿನಲ್ಲಿ ಅವಳು ಕಾಯುತ್ತಿರಲಿ. ಆ ನೋಟ್‌ಬುಕ್ಕನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಮಾತು ಹೊರಡದಿದ್ದರೆ ಎಡಗಡೆಯ ಪುಟವನ್ನು ತೆರೆದು ಅವರ ಮೇಜಿನ ಮೇಲೆ ಇಡಿ, ಅವರೇ ಓದಿಕೊಳ್ಳುತ್ತಾರೆ.